ಬೀರುವಿನ ಕನ್ನಡ ಮತ್ತು ಬೀದಿಯ ಗ್ರಂಥಾಲಯ

ಕಳೆದ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಬಡಾವಣೆಯ ಸರಕಾರಿ ಶಾಖಾ ಗ್ರಂಥಾಲಯದಲ್ಲಿ ‘ಕನ್ನಡ ಓದಿನ ಗಂಟೆ’ ನಡೆಯಿತು. ನಡೆಯಿತು ಎನ್ನುವುದಕ್ಕಿಂತ ನಡೆಯಬೇಕಾಗಿತ್ತು ಎನ್ನುವುದೇ ಸರಿಯಾದೀತು. ಗ್ರಂಥಪಾಲಕಿಯವರು ತಮಿಳು ಹೆಣ್ಣುಮಗಳು. ಅವರು ಮಕ್ಕಳಿಗೆಂದು ನೆಲಕ್ಕೆ ಜಮಖಾನ ಹಾಸಿಸಿ, ದೊಡ್ಡವರಿಗೆಂದು ಮೂವತ್ತು ಕುರ್ಚಿ ಜೋಡಿಸಿ, ಕರಿಹಲಗೆಯ ಮೇಲೆ ತಮಿಳಿನಲ್ಲಿ ಸ್ವಾಗತ ಬರೆದು, ಅದರ ಕೆಳಗೆ ಕನ್ನಡದಲ್ಲಿ ನಾವೇ ಬರೆಯಲೆಂದು ಸ್ಥಳ ಬಿಟ್ಟು ಕಾದಿದ್ದರು. ಬಂದವರು ದೊಡ್ಡವರು ಐದು ಮಂದಿ, ಮಕ್ಕಳು ಮೂವರು. ಆ ಐವರಲ್ಲಿ ಇಬ್ಬರು ನಾವೇ ಗಂಡಹೆಂಡಿರು; ಆ ಮೂವರಲ್ಲಿ ಇಬ್ಬರು ನಮ್ಮ ಮಕ್ಕಳು.

ಎರಡು ವಾರ ಮುಂಚೆಯೇ ನಮ್ಮ ವಾಟ್ಸಾಪ್ ಬಳಗಕ್ಕೆ ಸುದ್ದಿ ಹಾಕಿದ್ದೆವು. ಮೂವತ್ತೊಂದು ಮಂದಿ ಹೆಬ್ಬೆಟ್ಟು ಎತ್ತಿ ತೋರಿಸಿದ್ದರು. ಹಿಂದಿನ ಕಾಲದಲ್ಲಿ ಹೆಬ್ಬೆಟ್ಟು ಎಂದರೆ ಓದುಬರಹ ಬಾರದವರ ಗುರುತು. ಈಗಲೂ ಅದರ ಅರ್ಥ ಬಹಳ ಬದಲಾಗಿಲ್ಲವೆಂದು ಆ ಭಾನುವಾರ ನಮಗೆ ತಿಳಿಯಿತು.

ಅದೇ ದಿನ ಮಧ್ಯಾಹ್ನ ಸಂಘದಲ್ಲಿ ಹೋಳಿಗೆ ಊಟವಿತ್ತು. ಕೂಪನ್ನುಗಳು ಹಿಂದಿನ ವಾರವೇ ಮುಗಿದಿದ್ದವು. ಪಂಕ್ತಿಯ ಮೇಲೆ ಪಂಕ್ತಿ ಎದ್ದು, ಮೂರು ಗಂಟೆಯಾದರೂ ಎಲೆ ಹಾಕುತ್ತಲೇ ಇದ್ದರು. ನಮಗೆ ಹೋಳಿಗೆಯ ಮೇಲೆ ದ್ವೇಷವಿಲ್ಲ. ನಾವೂ ಎರಡು ತಿಂದು, ಮೇಲೆ ತುಪ್ಪ ಕೇಳಿ ಹಾಕಿಸಿಕೊಂಡೆವು. ಆದರೆ ಕೈ ತೊಳೆಯುವ ಸಾಲಿನಲ್ಲಿ ನಿಂತಿದ್ದಾಗ ಸಂಘದ ಹಿರಿಯರೊಬ್ಬರು ಹೇಳಿದ ಮಾತು ಗಂಟಲಲ್ಲಿ ಕಡುಬಿನಂತೆ ಸಿಕ್ಕಿಕೊಂಡಿದೆ. “ಈ ಕಾಲದಲ್ಲಿ ಯಾರು ಓದುತ್ತಾರೆ ಸ್ವಾಮಿ? ಆ ಲೈಬ್ರರಿ ಕೊಠಡಿಯ ಬೀರುಗಳನ್ನು ವಿಲೇವಾರಿ ಮಾಡಿ, ಅಡುಗೆ ಕಂಟ್ರಾಕ್ಟರಿಗೆ ಪಾತ್ರೆ ಇಡಲು ಕೊಟ್ಟರೆ ತಿಂಗಳಿಗೆ ಬಾಡಿಗೆಯಾದರೂ ಬರುತ್ತದೆ.” ಮುಂದಿನ ವಾರ್ಷಿಕ ಮಹಾಸಭೆಯ ಮುಂದೆ ಈ ವಿಷಯ ಬರಲಿದೆ. ಅದಕ್ಕೇ ಈ ಲೇಖನ. ಸೌಮ್ಯವಾಗಿ ಬರೆಯಬೇಕೆಂದು ಕುಳಿತೆವು. ಆಗಲಿಲ್ಲ, ಓದುಗರು ಕ್ಷಮಿಸಬೇಕು.

‘ಯಾರು ಓದುತ್ತಾರೆ’ ಎಂಬ ಪ್ರಶ್ನೆ ಕೇಳುವವರು ಒಂದು ದಿನ ಸಂಜೆ ಐದೂವರೆಗೆ ನಮ್ಮ ಶಾಖಾ ಗ್ರಂಥಾಲಯಕ್ಕೆ ಬಂದು ನೋಡಲಿ. ಸರಕಾರಿ ಪರೀಕ್ಷೆಗೆ ಓದುವ ಹುಡುಗರು ಮೆಟ್ಟಿಲ ಮೇಲೂ ಕುಳಿತಿರುತ್ತಾರೆ. ನಿವೃತ್ತರು ದಿನಪತ್ರಿಕೆಯ ಹಾಳೆಗಳನ್ನು ಬಿಡಿಸಿ ಹಂಚಿಕೊಂಡು ಓದುತ್ತಾರೆ. ತಮಿಳರು ಪ್ರತಿ ಗ್ರಂಥಾಲಯಕ್ಕೂ ‘ವಾಚಕರ್ ವಟ್ಟಂ’ ಎಂದು ಒಂದು ಓದುಗರ ಬಳಗ ಕಟ್ಟಿಕೊಳ್ಳುತ್ತಾರೆ; ನಮ್ಮ ಶಾಖೆಯಲ್ಲಿಯೂ ಅದಿದೆ. ತಿಂಗಳಿಗೊಮ್ಮೆ ಒಂದು ಪುಸ್ತಕ ಹಿಡಿದು ಒಬ್ಬರು ಮಾತಾಡುತ್ತಾರೆ, ಉಳಿದವರು ಜಗಳವಾಡುತ್ತಾರೆ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕಥೆ ಹೇಳುವುದು, ಓದಿಸುವುದು, ಚಿತ್ರ ಬರೆಸುವುದು ನಡೆಯುತ್ತದೆ. ಶಾಲು ಇಲ್ಲ, ಹಾರವಿಲ್ಲ, ‘ವೇದಿಕೆಯ ಮೇಲೆ ಆಸೀನರಾಗಿರುವ’ ಇಲ್ಲ. ಒಂದು ಲೋಟ ಚಹಾ ಇದ್ದರೆ ಇತ್ತು. ಆ ಬಳಗದವರೇ ನಮ್ಮನ್ನು ಕೇಳಿದ್ದು: “ನೀವು ಇಷ್ಟು ಮನೆ ಕನ್ನಡದವರು ಇದ್ದೀರಲ್ಲ, ತಿಂಗಳಿಗೊಂದು ಗಂಟೆ ನಿಮಗೂ ಬೇಡವೇ?” ನಾವು ಅರ್ಜಿ ಹಾಕಿ ಗೋಗರೆದು ಪಡೆದದ್ದಲ್ಲ ಅದು, ಅವರಾಗಿ ಕೊಟ್ಟದ್ದು. ಪರಭಾಷೆಯ ನಾಡಿನಲ್ಲಿ ನಮ್ಮನ್ನು ಯಾರೂ ಗಣಿಸುವುದಿಲ್ಲ ಎಂದು ರಾಜ್ಯೋತ್ಸವದ ವೇದಿಕೆಯಿಂದ ವರ್ಷ ವರ್ಷ ಗೋಳಾಡುವ ನಾವು, ಗಣಿಸಿದ ದಿನ ಹೋಳಿಗೆ ತಿನ್ನುತ್ತಿದ್ದೆವು.

ಇಲ್ಲಿ ಒಂದಷ್ಟು ಲೆಕ್ಕಾಚಾರ ಹೇಳಬೇಕು. ನಾವು ಕೇಂದ್ರ ಸರಕಾರದ ಗುಮಾಸ್ತರು; ನಿಯಮ, ವಿಧಿ, ಉಪವಿಧಿ ಎಂದರೆ ನಮಗೆ ಊಟಕ್ಕೆ ಉಪ್ಪಿನಕಾಯಿ ಇದ್ದಂತೆ.

ಸ್ವಾತಂತ್ರ್ಯ ಬಂದ ಮೇಲೆ ಭಾರತದಲ್ಲಿ ಮೊಟ್ಟಮೊದಲು ಸಾರ್ವಜನಿಕ ಗ್ರಂಥಾಲಯ ಕಾಯಿದೆಯಾದದ್ದು ಇದೇ ಮದರಾಸಿನಲ್ಲಿ, 1948ರಲ್ಲಿ. ನಮ್ಮ ಮೈಸೂರು ರಾಜ್ಯದಲ್ಲಿ ಅಂಥ ಕಾಯಿದೆ ಬಂದದ್ದು 1965ರಲ್ಲಿ. ಈ ಕಾಯಿದೆಯ ಮುಖ್ಯವಾದ ಗುಟ್ಟು ಗ್ರಂಥಾಲಯ ಕರ. ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ ಇಷ್ಟು ಪೈಸೆ ಎಂದು ಜನರಿಂದ ಎತ್ತಿ ಅದನ್ನು ಗ್ರಂಥಾಲಯಕ್ಕೇ ಖರ್ಚು ಮಾಡಬೇಕು. ತಮಿಳುನಾಡಿನಲ್ಲಿ ಈಗ ಅದು ರೂಪಾಯಿಗೆ ಹತ್ತು ಪೈಸೆ, ಕರ್ನಾಟಕದಲ್ಲಿ ಆರು. ಚೆನ್ನೈಯಲ್ಲಿ ಸ್ವಂತ ಮನೆ ಮಾಡಿಕೊಂಡ ನಮ್ಮ ಸದಸ್ಯರು ತೆರಿಗೆ ರಸೀದಿಯನ್ನು ಒಮ್ಮೆ ತಿರುಗಿಸಿ ನೋಡಲಿ. ಬಾಡಿಗೆ ಮನೆಯವರೂ ಅದನ್ನು ಬಾಡಿಗೆಯಲ್ಲಿ ಸೇರಿಸಿಯೇ ಕೊಡುತ್ತಿದ್ದಾರೆ. ಯಾವ ಮನೆಯ ಯಜಮಾನನೂ ತನ್ನ ಜೇಬಿನಿಂದ ಕೊಡುವ ಧರ್ಮಾತ್ಮನಲ್ಲ. ಅಂದರೆ ಆ ಕಟ್ಟಡದ ಒಂದೊಂದು ಇಟ್ಟಿಗೆ ನಮ್ಮದೂ ಹೌದು. ಹೋಟೆಲಿಗೆ ಹಣ ಕಟ್ಟಿ ಊಟ ಮಾಡದೆ ಎದ್ದು ಬರುವ ಜಾತಿ ನಮ್ಮದಲ್ಲ. ಇಲ್ಲಿ ಮಾತ್ರ ಆ ಔದಾರ್ಯ ಎಲ್ಲಿಂದ ಬಂತೋ!

ಎರಡನೆಯ ಕಾಯಿದೆ ಇನ್ನೂ ಸ್ವಾರಸ್ಯವಾದದ್ದು. 1954ರ ಕೇಂದ್ರ ಕಾಯಿದೆಯ ಪ್ರಕಾರ ಭಾರತದಲ್ಲಿ ಯಾವ ಭಾಷೆಯಲ್ಲಿ ಪುಸ್ತಕ ಅಚ್ಚಾದರೂ ಪ್ರಕಾಶಕರು ಮೂವತ್ತು ದಿನಗಳೊಳಗೆ ತಮ್ಮದೇ ಖರ್ಚಿನಲ್ಲಿ ಅದರ ಪ್ರತಿಗಳನ್ನು ಗೊತ್ತಾದ ಗ್ರಂಥಾಲಯಗಳಿಗೆ ಕಳಿಸಬೇಕು. ಕಳಿಸದಿದ್ದರೆ ಐವತ್ತು ರೂಪಾಯಿಯವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ ಎಂದು ಅಂದು ಬರೆದಿಟ್ಟರು. (ಐವತ್ತು ರೂಪಾಯಿಗೆ ಹೆದರುವ ಪ್ರಕಾಶಕ ಇಂದು ಸಿಗಲಾರ, ಎಲ್ಲರೂ ತಪ್ಪದೆ ಕಳಿಸುತ್ತಾರೆಂದು ನಾವೂ ಹೇಳುವುದಿಲ್ಲ.) ಆ ಗ್ರಂಥಾಲಯಗಳು ಯಾವುವು? ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯ, ಮುಂಬಯಿಯ ಕೇಂದ್ರ ಗ್ರಂಥಾಲಯ, ದಿಲ್ಲಿಯ ಸಾರ್ವಜನಿಕ ಗ್ರಂಥಾಲಯ, ಮತ್ತು ನಮ್ಮ ಚೆನ್ನೈಯ ಎಗ್ಮೋರಿನಲ್ಲಿ ವಸ್ತುಸಂಗ್ರಹಾಲಯದ ಆವರಣದಲ್ಲಿರುವ ಕನ್ನೆಮಾರಾ ಗ್ರಂಥಾಲಯ. ಬೆಂಗಳೂರಿನ ಹೆಸರು ಆ ಪಟ್ಟಿಯಲ್ಲಿಲ್ಲ! ಗಾಂಧಿನಗರದಲ್ಲೋ ಧಾರವಾಡದಲ್ಲೋ ಅಚ್ಚಾದ ಕನ್ನಡ ಪುಸ್ತಕ ಕಾಯಿದೆಯ ಬಲದಿಂದ ಹುಡುಕಿಕೊಂಡು ಬರುವುದು ನಾವು ಬದುಕುತ್ತಿರುವ ಹೊರನಾಡ ನಗರಗಳಿಗೆ. ಕನ್ನೆಮಾರಾ ಗ್ರಂಥಾಲಯದ ಬಾಗಿಲು ತೆರೆದದ್ದು 1896ರಲ್ಲಿ. ಅಲ್ಲಿಗೆ ಮೆಟ್ರೋ ಇದೆ, ಬಸ್ಸಿದೆ. ಬೇಸಿಗೆಯಲ್ಲಿ ಮಕ್ಕಳನ್ನು ಪಕ್ಕದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಕಂಚಿನ ನಟರಾಜನನ್ನು ತೋರಿಸಿ, ಐಸ್‌ಕ್ರೀಂ ಕೊಡಿಸಿ, ಹಿಂದಿರುಗುತ್ತೇವೆ. ಆ ಪಕ್ಕದ ಕಟ್ಟಡದಲ್ಲಿ ಕನ್ನಡದ ಕಪಾಟುಗಳಿವೆಯೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ನಾವೂ ವಿಚಾರಿಸಿದ್ದು ಈ ಊರಿಗೆ ಬಂದು ಒಂಬತ್ತು ವರ್ಷದ ಮೇಲೆ; ಜಂಬ ಕೊಚ್ಚುವಂಥದ್ದೇನೂ ಇಲ್ಲ.

1948ರ ಕಾಯಿದೆಯ ಹಿಂದೆ ದುಡಿದ ಎಸ್. ಆರ್. ರಂಗನಾಥನ್ ಅವರ ವಿಷಯ ಬಿಎಸ್ಸಿ ಓದಿದ ನಮಗೆ ಸ್ವಲ್ಪ ಹತ್ತಿರದ್ದು, ಏಕೆಂದರೆ ಅವರು ಮೂಲತಃ ಗಣಿತದ ಮೇಷ್ಟರು. 1892ರಲ್ಲಿ ಶಿಯಾಳಿಯಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಬರೆದುಕೊಟ್ಟರು. ಅವುಗಳ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಪುಸ್ತಕವನ್ನು ಕೈಗೆ ಕೊಡಬೇಕೇ ಹೊರತು ಕಾವಲು ಕಾಯಬಾರದು; ಒಬ್ಬೊಬ್ಬ ಓದುಗನಿಗೂ ಅವನಿಗೆ ಹೊಂದುವ ಪುಸ್ತಕ, ಒಂದೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗ ಸಿಗುವ ಹಾಗೆ ಮಾಡಬೇಕು. ಇಷ್ಟು ಮಾಡಿ ಅವರು ಕೊನೆಗೆ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೊಂದು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ತಮಿಳುನಾಡಿನ ಒಬ್ಬ ಮೇಷ್ಟರು ತಮ್ಮ ಕೊನೆಗಾಲವನ್ನು ಕನ್ನಡದ ರಾಜಧಾನಿಗೆ ಕೊಟ್ಟರು. ಅವರ ಊರಿನಲ್ಲಿ ಅನ್ನ ಕಾಣುತ್ತಿರುವ ನಾವು ಎರಡು ಬೀದಿ ದಾಟಿ ಅವರ ಗ್ರಂಥಾಲಯಕ್ಕೆ ಹೋಗಲಾರೆವು.

ಈಗ ನಮ್ಮ ಸಂಘದ ಬೀರುಗಳ ಸ್ಥಿತಿ. ಏಳು ಬೀರು, ಮೂರರ ಬೀಗದ ಕೈ ಯಾರ ಬಳಿಯಿದೆ ಎಂಬುದು ಸಂಶೋಧನೆಗೆ ತಕ್ಕ ವಿಷಯ. ಗಾಜಿನ ಒಳಗಿನಿಂದ ಕಾರಂತರ ‘ಬಾಲಪ್ರಪಂಚ’ ಕಾಣುತ್ತದೆ. 1936ರಲ್ಲಿ, ಕನ್ನಡದಲ್ಲಿ ಮಕ್ಕಳಿಗೊಂದು ವಿಶ್ವಕೋಶ ಬೇಕೆಂದು ಯಾರೂ ಕೇಳದಿದ್ದಾಗ, ಒಬ್ಬರೇ ಕುಳಿತು ಮೂರು ಸಂಪುಟ ಮಾಡಿದ್ದು. ಅದರ ಪಕ್ಕ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸ್ವಾಮಿಯವರು ಇದೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆ ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನವನ್ನು ಕನ್ನಡದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತ ಹೇಳಬಹುದು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ? ಇವೆಲ್ಲ ಅಲ್ಲಿ ಬೆಳ್ಳಿಮೀನು ಹುಳುವಿಗೆ ಆಹಾರವಾಗುತ್ತಿವೆ. ಹುಳುವಾದರೂ ಪುಟ ಬಿಡದೆ ಓದುತ್ತಿದೆ.

ಹಾಗಾದರೆ ಹಿರಿಯರು ಹೇಳಿದ್ದು ಸರಿಯೇ, ಬೀರು ಖಾಲಿ ಮಾಡೋಣವೇ? ಮಾಡೋಣ. ಆದರೆ ಗುಜರಿಗಲ್ಲ, ಶಾಖಾ ಗ್ರಂಥಾಲಯಕ್ಕೆ. ಆಯ್ದ ಪುಸ್ತಕಗಳನ್ನು ಅಲ್ಲಿ ಕನ್ನಡದ ಒಂದು ಕಪಾಟಾಗಿ ಇಡಲು ಸಾಧ್ಯವೇ ಎಂದು ಗ್ರಂಥಪಾಲಕಿಯವರನ್ನು ಕೇಳಿದ್ದೇವೆ. ಮೇಲಿನ ಕಚೇರಿಗೆ ಬರೆದು ಅನುಮತಿ ಪಡೆಯಬೇಕು, ಪಟ್ಟಿ ಕೊಡಿ ಎಂದಿದ್ದಾರೆ. ಫೈಲು ಎಂದರೆ ಏನೆಂದು ನಮಗೆ ಗೊತ್ತು. ತಡವಾದೀತು, ಆಗದೆ ಹೋಗದು. ಆ ಕಪಾಟು ಉಳಿಯಬೇಕಾದರೆ ಅದರ ಮುಂದೆ ಜನ ನಿಲ್ಲಬೇಕು, ಪುಸ್ತಕದ ಹಿಂದಿನ ಚೀಟಿಯಲ್ಲಿ ತಾರೀಖಿನ ಮುದ್ರೆ ಬೀಳಬೇಕು. ಎಂಟು ಮಂದಿಯ ಹಾಜರಿ ತೋರಿಸಿ ಯಾವ ಮೇಲಧಿಕಾರಿಯ ಮುಂದೆಯೂ ಕಪಾಟು ಕೇಳಲಾಗದು.

ಇದಕ್ಕೆ ಎದುರಾಗಿ ಬರುವ ಮಾತುಗಳೂ ನಮಗೆ ಗೊತ್ತಿವೆ. “ನಮ್ಮ ಸಂಘವಿರುವಾಗ ಅವರ ಗ್ರಂಥಾಲಯಕ್ಕೆ ಏಕೆ ಹೋಗಬೇಕು? ಸ್ವಾಭಿಮಾನ ಬೇಡವೇ?” ಬೀಗ ಹಾಕಿಕೊಂಡು ಕೂರುವುದು ಸ್ವಾಭಿಮಾನವಾದರೆ ಸೆರೆಮನೆಯವರಷ್ಟು ಸ್ವಾಭಿಮಾನಿಗಳು ಬೇರೆ ಯಾರೂ ಇಲ್ಲ. ಸಂಘಕ್ಕೆ ನಮ್ಮ ಮನೆಯಿಂದ ಎರಡು ಬಸ್ಸು. ಶಾಖಾ ಗ್ರಂಥಾಲಯ ನಡಿಗೆಯ ದೂರ. ಸಂಘಕ್ಕೆ ಮಕ್ಕಳು ವರ್ಷಕ್ಕೆ ನಾಲ್ಕು ಸಲ ರೇಷ್ಮೆ ಲಂಗ ಉಟ್ಟು ಬರುತ್ತಾರೆ, ಬಾಯಿಪಾಠ ಮಾಡಿದ ಹಾಡು ಹೇಳುತ್ತಾರೆ, ಬಹುಮಾನದ ಸ್ಟೀಲ್ ಡಬ್ಬಿ ತೆಗೆದುಕೊಳ್ಳುತ್ತಾರೆ. ಆ ಹಾಡನ್ನು ಅವರು ಬರೆದುಕೊಂಡದ್ದು ಇಂಗ್ಲಿಷ್ ಅಕ್ಷರದಲ್ಲಿ ಎಂಬುದನ್ನು ನಾವು ಚಪ್ಪಾಳೆಯಲ್ಲಿ ಮುಚ್ಚಿಬಿಡುತ್ತೇವೆ.

“ನೀಟ್ ಪರೀಕ್ಷೆ, ಜೆಇಇ ಪರೀಕ್ಷೆ, ಟ್ಯೂಷನ್ನು, ಕನ್ನಡಕ್ಕೆ ಹೊತ್ತೆಲ್ಲಿ?” ಎಂದು ತಾಯಂದಿರು ಕೇಳುತ್ತಾರೆ. ತಿಂಗಳಿಗೆ ಒಂದು ಗಂಟೆ ಅಮ್ಮಾ. ಆ ಒಂದು ಗಂಟೆಯಿಂದ ಕೈತಪ್ಪುವ ವೈದ್ಯಕೀಯ ಸೀಟು ಉಳಿದ ಏಳುನೂರು ಗಂಟೆಯಿಂದಲೂ ಸಿಕ್ಕದು. ನಮ್ಮ ಮಕ್ಕಳು ಕೇಂದ್ರೀಯ ವಿದ್ಯಾಲಯದವರು. ಹಿಂದಿ, ಸಂಸ್ಕೃತ, ಇಂಗ್ಲಿಷು ಕಲಿಯುತ್ತಾರೆ. ಬೀದಿಯಲ್ಲಿ ತಮಿಳು ತಾನಾಗಿ ಬರುತ್ತದೆ, ಬರಬೇಕು. ಕನ್ನಡ ಮಾತಾಡುತ್ತಾರೆ, ಆದರೆ ಕಣ್ಣಿಗೆ ಕನ್ನಡ ಅಕ್ಷರ ಬೀಳುವ ಜಾಗವೇ ಇಲ್ಲ.

ನಮ್ಮ ಮನೆಯ ಮಾತನ್ನೇ ಹೇಳಿಬಿಡುತ್ತೇವೆ. ನಮ್ಮ ತಾಯಿಯವರು ಫೋನು ಬಂದ ಮೇಲೂ ಕಾಗದ ಬರೆಯುವುದನ್ನು ಬಿಟ್ಟವರಲ್ಲ. ತಿಪಟೂರಿನಿಂದ ತಿಂಗಳಿಗೊಂದು ಇನ್‌ಲ್ಯಾಂಡು, ಮೂರು ಮಗ್ಗುಲೂ ತುಂಬಿ, ಅಂಟು ಹಚ್ಚುವ ಅಂಚಿನಲ್ಲಿಯೂ ಎರಡು ಸಾಲು. ಅವರು ತೀರಿಕೊಂಡ ಮೇಲೆ ಒಂದು ರಾತ್ರಿ ಆ ಕಟ್ಟು ಬಿಚ್ಚಿ ಕುಳಿತಿದ್ದೆವು. ಏಳನೆಯ ತರಗತಿಯ ಮಗಳು ಬಂದು ಒಂದು ಕಾಗದ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, “ಅಪ್ಪಾ, ಇದರಲ್ಲಿ ಅಜ್ಜಿ ನನ್ನ ಹೆಸರು ಎಲ್ಲಿ ಬರೆದಿದ್ದಾರೆ, ತೋರಿಸಿ” ಎಂದಳು. ತೋರಿಸಿದೆವು. ಆರು ಕಡೆ ಇತ್ತು. ಅವಳಿಗೆ ಆರೂ ಒಂದೇ ಬಗೆಯ ಗೆರೆಗಳು. ಬೀಗ ಹಾಕಿದ ಬೀರು ಸಂಘದಲ್ಲಿ ಮಾತ್ರವಿಲ್ಲ ಎಂದು ಆ ರಾತ್ರಿ ತಿಳಿಯಿತು. ಅಂದು ಹುಟ್ಟಿದ ನಾಚಿಕೆಯೇ ಈ ಓದಿನ ಗಂಟೆಗೆ ಮೂಲ, ಬೇರೆ ಯಾವ ಭಾಷಾಭಿಮಾನವೂ ಅಲ್ಲ.

ಓದಿಸುವುದು, ಕೂಡಿ ಕೇಳುವುದು ಎಂದರೆ ಏನೋ ವಿಲಾಯಿತಿ ಪದ್ಧತಿ ಎಂಬಂತೆ ಕೆಲವರು ಮೂಗು ಮುರಿಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು; ಊರಿಗೆ ಊರೇ ಗುಡಿಯ ಮುಂದೆ ಕೂರುತ್ತಿತ್ತು. ಅಕ್ಷರ ಬಾರದ ನಮ್ಮ ಅಜ್ಜನಿಗೆ ಗದುಗಿನ ಭಾರತದ ಪದ್ಯಗಳು ಸಾಲುಸಾಲಾಗಿ ಬರುತ್ತಿದ್ದವು. ಗಮಕವೆಂದರೆ ಇದೇ ಅಲ್ಲವೇ? ಇನ್ನು ಇತ್ತೀಚಿನದು ಬೇಕೆಂದರೆ, ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಎಂದು ಆರಂಭಿಸಿ ಹಳ್ಳಿಯ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ನಾವು ಬಿಟ್ಟು ಬಂದ ಊರಿನ ಮಕ್ಕಳು ಗ್ರಂಥಾಲಯಕ್ಕೆ ಹೋಗುತ್ತಿದ್ದಾರೆ; ಮಹಾನಗರ ಸೇರಿ ಮುಂದೆ ಬಂದೆವೆನ್ನುವ ನಮ್ಮ ಮಕ್ಕಳು ಫೋನಿನ ಗಾಜು ಸವರುತ್ತಿದ್ದಾರೆ.

ಇನ್ನೊಂದು ಮಾತು, ನಮ್ಮ ಹಿರಿಯರ ಪಾತ್ರೆ ಕೊಠಡಿಯ ಸಲಹೆಗೆ ಸಂಬಂಧಿಸಿದ್ದು. ಕೊಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ ತೆರೆದದ್ದು 2010ರಲ್ಲಿ. ಮರುವರ್ಷವೇ, 2011ರಲ್ಲಿ, ಅದನ್ನು ಅಲ್ಲಿಂದ ತೆಗೆದು ಕಟ್ಟಡವನ್ನು ಮಕ್ಕಳ ಆಸ್ಪತ್ರೆ ಮಾಡುವುದಾಗಿ ಅಂದಿನ ಸರಕಾರ ಘೋಷಿಸಿತು. ಆಸ್ಪತ್ರೆ! ಯಾರು ತಾನೆ ಬೇಡವೆಂದಾರು? ಆದರೂ ಈ ಊರಿನ ಓದುಗರು ಬೇಡವೆಂದರು, ಆಸ್ಪತ್ರೆ ಬೇರೆಡೆ ಕಟ್ಟಿ ಎಂದರು, ಹೈಕೋರ್ಟಿನ ಮೆಟ್ಟಿಲು ಹತ್ತಿ ತಡೆ ತಂದರು. ಗ್ರಂಥಾಲಯ ಇಂದಿಗೂ ಅಲ್ಲಿಯೇ ಇದೆ, ಮಕ್ಕಳ ವಿಭಾಗದಲ್ಲಿ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಅವರು ಆಸ್ಪತ್ರೆಗೂ ಗ್ರಂಥಾಲಯ ಬಿಟ್ಟುಕೊಡಲಿಲ್ಲ. ನಾವು ಹಂಡೆ, ಕೊಳಗಕ್ಕೆ ಬಿಟ್ಟುಕೊಡಲು ಸಿದ್ಧರಾಗಿದ್ದೇವೆ.

ಆ ಭಾನುವಾರದ ಕಥೆ ಮುಗಿಸಬೇಕು. ಎಂಟೇ ಮಂದಿಯಾದರೂ ಬಿಡಬಾರದೆಂದು ಓದು ಶುರು ಮಾಡಿದೆವು. ನಮ್ಮ ಮನೆಯವರು ‘ಹಸುರು ಹೊನ್ನು’ವಿನ ನಾಲ್ಕು ಪುಟ ಓದಿದರು. ಮಕ್ಕಳು ನಕ್ಕರು. ನಗು ಕೇಳಿ, ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ಕುರ್ಚಿ ಎಳೆದುಕೊಂಡು ಬಂದು ನಮ್ಮ ಹಿಂದೆ ಕುಳಿತರು. ತಮಿಳರು, ಕೆಲಸದಲ್ಲಿದ್ದಾಗ ಹನ್ನೆರಡು ವರ್ಷ ಮೈಸೂರಿನ ರೈಲ್ವೆಯಲ್ಲಿದ್ದರಂತೆ. ಕೊನೆಯವರೆಗೂ ಕೇಳಿದರು, ಎರಡು ಕಡೆ ನಮಗಿಂತ ಮೊದಲೇ ನಕ್ಕರು. ಮುಗಿದ ಮೇಲೆ ಖಾಲಿ ಕುರ್ಚಿಗಳ ಕಡೆ ಒಮ್ಮೆ ನೋಡಿ, ಶುದ್ಧ ಮೈಸೂರು ಕನ್ನಡದಲ್ಲಿ ಕೇಳಿದರು: “ಇಷ್ಟೇ ಜನಾನಾ ನೀವು?”

ನಾವು ಉತ್ತರ ಕೊಡಲಿಲ್ಲ. ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದೆವು. ಗ್ರಂಥಪಾಲಕಿಯವರು ಮಾತ್ರ ಏನೂ ಕೇಳದೆ, ಮುಂದಿನ ಮೂರು ತಿಂಗಳ ಎರಡನೆಯ ಭಾನುವಾರಗಳನ್ನು ತಮ್ಮ ದಿನಚರಿಯಲ್ಲಿ ನಮಗೆಂದು ಗುರುತು ಹಾಕಿಕೊಂಡರು. ಮೂರು ತಿಂಗಳ ಮೇಲೆ ಆ ಗಂಟೆಯನ್ನು ಕೇಳುವವರು ಬೇರೆ ಇದ್ದಾರೆ. ಸ್ಪೋಕನ್ ಹಿಂದಿ ತರಗತಿಯವರ ಅರ್ಜಿ ಆಗಲೇ ಬಂದಿದೆಯಂತೆ.

ಮಹಾಸಭೆಯಲ್ಲಿ ನಾವು ಎರಡು ಸೂಚನೆ ಮಂಡಿಸಲಿದ್ದೇವೆ. ಸಂಘದ ಪುಸ್ತಕಗಳನ್ನು ಗುಜರಿಗೆ ಕೊಡದೆ, ಸದಸ್ಯರು ಹೆಚ್ಚಾಗಿರುವ ಬಡಾವಣೆಗಳ ಶಾಖಾ ಗ್ರಂಥಾಲಯಗಳಿಗೆ ಪಟ್ಟಿ ಸಹಿತ ಒಪ್ಪಿಸಬೇಕು ಎಂಬುದು ಮೊದಲನೆಯದು. ಎರಡನೆಯದು, ಎರಡನೆಯ ಭಾನುವಾರ ಮಧ್ಯಾಹ್ನದ ಮುಂಚೆ ಸಂಘದಲ್ಲಿ ಯಾವ ಕಾರ್ಯಕ್ರಮವನ್ನೂ, ಮುಖ್ಯವಾಗಿ ಯಾವ ಊಟವನ್ನೂ ಇಡಬಾರದು. ಅನುಮೋದಿಸಲು ಒಬ್ಬರು ಬೇಕು, ಇದುವರೆಗೆ ಸಿಕ್ಕಿಲ್ಲ. ಪುಸ್ತಕಗಳ ಪಟ್ಟಿ ಮಾಡಲು ಶನಿವಾರ ಸಂಜೆ ನಾವು ಸಂಘದ ಕೊಠಡಿಯಲ್ಲಿರುತ್ತೇವೆ. ಆ ಮೂರು ಬೀರುಗಳ ಬೀಗದ ಕೈ ಯಾರ ಮನೆಯಲ್ಲಿದ್ದರೂ ದಯವಿಟ್ಟು ತಂದುಕೊಡಬೇಕು.